ಬಿಸಿಲಿಗೆ ಕಂದಿದ ಮೈಗೆ ಬೇಸಗೆಯ ಬಣ್ಣ

ಯುರೋಪು ಹಾಗೂ ಅಮೆರಿಕದ ತಂಪು ನಾಡುಗಳಲ್ಲಿ ಜೂನ್ ತಿಂಗಳು ಕಳೆಯುತ್ತಿದ್ದಂತೆ ಪ್ರಸಾಧನದ ಅಂಗಡಿಗಳಲ್ಲಿ ಪ್ರತಿವರ್ಷವೂ ಕೇಳಿಬರುವ ಪ್ರಶ್ನೆಯೊಂದಿದೆ. ಸಮುದ್ರತೀರದ ಬಿಸಿಲಿನಲ್ಲಿ ಮೈ ಕಂದುಬಣ್ಣಕ್ಕೆ ತಿರುಗಿದೆ. ಚಳಿಗಾಲದಲ್ಲಿ ಕೊಂಡ ಪೌಡರನ್ನು ಈಗ ಹಚ್ಚಿದರೆ ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತದೆ. ಹಾಗಾದರೆ ಈ ಮೈಗೆ ಒಪ್ಪುವ ಬಣ್ಣ ಯಾವುದು? ಕೇಳಲು ಕ್ಷುಲ್ಲಕವೆನಿಸುವ ಈ ಪ್ರಶ್ನೆಯ ವಯಸ್ಸು ಸುಮಾರು ನೂರು ವರ್ಷಗಳು ಮಾತ್ರ. ಅದಕ್ಕೂ ಹಿಂದೆ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಪಾಶ್ಚಾತ್ಯ ಸ್ತ್ರೀಯು ತನ್ನ ಬಣ್ಣದ ಡಬ್ಬಿಯನ್ನು ತೆರೆಯುತ್ತಿದ್ದುದು ಬಿಸಿಲಿನ ಗುರುತನ್ನು ಅಳಿಸಿಹಾಕುವುದಕ್ಕಾಗಿ. ಅಳಿಸಬೇಕಾಗಿದ್ದ ಗುರುತು ಅಲಂಕಾರವಾದದ್ದು ಹೇಗೆ, ಆ ಅಲಂಕಾರದ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಭಾಷೆಯಲ್ಲಿಯೇ ಈ ವಿಷಯದ ಒಂದು ಸುಳಿವು ಅಡಗಿದೆ. ಕನ್ನಡದಲ್ಲಿ ‘ಕಂದು’ ಎಂಬುದು ಒಂದು ಬಣ್ಣದ ಹೆಸರೂ ಹೌದು, ಬಾಡು, ಮಂಕಾಗು ಎಂಬ ಅರ್ಥದ ಕ್ರಿಯಾಪದವೂ ಹೌದು. ‘ಮುಖ ಕಂದಿತು’ ಎಂದರೆ ಬಿಸಿಲಿನಿಂದ ಆಗಿರಬಹುದು, ದುಃಖದಿಂದಲೂ ಆಗಿರಬಹುದು. ಎರಡರಲ್ಲಿಯೂ ಏನೋ ಕಳೆದುಹೋಯಿತೆಂಬ ಭಾವವೇ ಪ್ರಧಾನ. ಬಿಸಿಲಿಗೆ ಕಂದಿದ ಮೈಯನ್ನು ಸಂಪಾದನೆಯೆಂದು ಎಣಿಸುವ ಮಾತು ನಮ್ಮಲ್ಲಿ ಬೆಳೆದಂತೆ ತೋರುವುದಿಲ್ಲ.

ಪ್ರಾಚೀನ ಗ್ರೀಸಿನಲ್ಲಿಯೂ ಭಾವನೆ ಹೀಗೆಯೇ ಇತ್ತು. ಕ್ರಿ.ಪೂ. 4ನೆಯ ಶತಮಾನದ ಲೇಖಕ ಕ್ಸೆನೊಫೋನನು ಗೃಹಕೃತ್ಯವನ್ನು ಕುರಿತು ಬರೆದ ಸಂವಾದವೊಂದರಲ್ಲಿ ಇಸ್ಕೊಮಾಕಸ್ ಎಂಬ ಗೃಹಸ್ಥನು ತನ್ನ ಎಳೆಯ ಪತ್ನಿಯ ವಿಷಯವನ್ನು ಸಾಕ್ರೆಟಿಸನಿಗೆ ತಿಳಿಸುತ್ತಾನೆ. ಒಂದು ದಿನ ಆಕೆ ಇರುವುದಕ್ಕಿಂತ ಬೆಳ್ಳಗೆ ಕಾಣಲೆಂದು ಸೀಸದ ಬಿಳಿಪುಡಿಯನ್ನೂ, ಇರುವುದಕ್ಕಿಂತ ಕೆಂಪಾಗಿ ಕಾಣಲೆಂದು ಬೇರಿನಿಂದ ತೆಗೆದ ಕೆಂಪುಬಣ್ಣವನ್ನೂ ಹಚ್ಚಿಕೊಂಡು, ಎತ್ತರವಾಗಿ ಕಾಣಲೆಂದು ದಪ್ಪ ಅಟ್ಟೆಯ ಪಾದರಕ್ಷೆಗಳನ್ನು ಮೆಟ್ಟಿ ಬಂದಳಂತೆ. ಆತ ಗದರಲಿಲ್ಲ. ನಾನು ನನ್ನ ಸಂಪತ್ತಿನ ವಿಷಯದಲ್ಲಿ ನಿನಗೆ ಸುಳ್ಳು ಹೇಳಿ, ಖೋಟಾ ಬೆಳ್ಳಿಯನ್ನೂ ಒಳಗೆ ಮರವಿರುವ ಚಿನ್ನದ ಲೇಪದ ಸರವನ್ನೂ ತೋರಿಸಿದ್ದರೆ ನನ್ನಲ್ಲಿ ನಿನಗೆ ಪ್ರೀತಿ ಹೆಚ್ಚುತ್ತಿತ್ತೇ ಎಂಬರ್ಥದ ಪ್ರಶ್ನೆಯನ್ನು ಕೇಳಿದ. ಅನಂತರ ಹಿಟ್ಟು ನಾದುವುದು, ಬಟ್ಟೆಗಳನ್ನು ಕೊಡವಿ ಮಡಿಸುವುದು, ಮಗ್ಗದ ಬಳಿ ನಿಂತು ಮೇಲ್ವಿಚಾರಣೆ ನಡೆಸುವುದು ಇವುಗಳಿಂದ ಮುಖಕ್ಕೆ ಸಹಜವಾದ ಕಾಂತಿ ಬರುವುದೆಂದು ಸಲಹೆ ನೀಡಿದ.

ಪ್ರಸಾಧನವನ್ನು ಅಸತ್ಯದ ಪ್ರಶ್ನೆಯಾಗಿ ನೋಡಿದ ಪಾಶ್ಚಾತ್ಯ ಬರಹಗಳಲ್ಲಿ ಇದು ಬಹು ಹಳೆಯದು. ಇಂದಿಗೂ ಓದಿಸಿಕೊಳ್ಳುವ ಗುಣ ಇದಕ್ಕಿದೆ. ಆದರೆ ಗಮನಿಸಬೇಕಾದ ಅಂಶವೊಂದಿದೆ. ಆ ಗೃಹಸ್ಥನು ಸೂಚಿಸಿದ ಕೆಲಸಗಳೆಲ್ಲವೂ ಮನೆಯ ಒಳಗಿನವು. ದೇವರು ಸ್ತ್ರೀಯನ್ನು ಒಳಗಿನ ಕೆಲಸಕ್ಕಾಗಿಯೂ ಪುರುಷನನ್ನು ಹೊರಗಿನ ಕೆಲಸಕ್ಕಾಗಿಯೂ ನಿರ್ಮಿಸಿದನೆಂಬುದು ಅದೇ ಸಂವಾದದ ವಾದ. ಸೀಸದ ಪುಡಿ ಬೇಡವೆಂದ ಆತನಿಗೂ ಹೆಂಡತಿ ಬಿಸಿಲಿಗೆ ಹೋಗುವ ಅಗತ್ಯವಿಲ್ಲದ ಮನೆತನದವಳೆಂಬುದರಲ್ಲಿ ಸಂದೇಹವಿರಲಿಲ್ಲ. ಬಿಳುಪು ಸುಳ್ಳಾಗಬಾರದು, ನಿಜವಾಗಿರಬೇಕು ಎಂಬಷ್ಟೇ ಆತನ ಆಗ್ರಹ. ಹೊಲದಲ್ಲಿ ದುಡಿದು ಮೈ ಸುಟ್ಟುಕೊಂಡವಳ ಬಣ್ಣವೂ ನಿಜವೇ ಅಲ್ಲವೇ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ರೋಮನರ ಕಾಲದಲ್ಲಿಯೂ ಮುಂದೆ 16, 17ನೆಯ ಶತಮಾನಗಳ ಯುರೋಪಿನಲ್ಲಿಯೂ ಇದೇ ಸೀಸದ ಬಿಳುಪು ಮುಂದುವರಿಯಿತು. ಸೀಸದ ತಗಡುಗಳನ್ನು ಹುಳಿದ್ರಾವಣದ ಹಬೆಗೆ ಒಡ್ಡಿ, ಮೇಲೆ ಕಟ್ಟಿದ ಬಿಳಿಯ ಪದರವನ್ನು ಕೆರೆದು ತೆಗೆದು ಅರೆಯುತ್ತಿದ್ದರು. ಶ್ರೀಮಂತ ಸ್ತ್ರೀಯರು ಕುದುರೆಯೇರಿ ಹೊರಗೆ ಹೋಗುವಾಗ ಮಖಮಲ್ಲಿನ ಕರಿಯ ಮುಖವಾಡವನ್ನು ಧರಿಸುತ್ತಿದ್ದರೆಂದು 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಆಂಗ್ಲ ಲೇಖಕ ಟೀಕಿಸಿದ್ದಾನೆ. ಅಂಥ ಒಂದು ಮುಖವಾಡ 2010ರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್ ಪ್ರಾಂತದ ಹಳೆಯ ಮನೆಯೊಂದರ ಗೋಡೆಯೊಳಗೆ ದೊರೆಯಿತು. ಹೊರಗೆ ಮಖಮಲ್ಲು, ಒಳಗೆ ರೇಷ್ಮೆ. ಅದಕ್ಕೆ ಸೇರಿದ ಗಾಜಿನ ಮಣಿಯೊಂದು. ಮುಖವಾಡ ಜಾರದಿರಲು ಆ ಮಣಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಾಗಿತ್ತು. ಎಂದರೆ ಬಿಸಿಲಿನಿಂದ ಮುಖವನ್ನು ಕಾಯುವಷ್ಟು ಹೊತ್ತು ಆಕೆ ಮಾತನಾಡುವಂತಿರಲಿಲ್ಲ! 1760ರಲ್ಲಿ ಕಾವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗ್ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡಾಗ, ಆಕೆ ಮುಖಕ್ಕೆ ಬಳಿಯುತ್ತಿದ್ದ ಸೀಸದ ಬಿಳುಪೇ ಅದಕ್ಕೆ ಕಾರಣವೆಂದು ಜನ ಆಡಿಕೊಂಡರು.

ಬಿಳುಪಿಗಾಗಿ ಪ್ರಾಣವನ್ನೇ ಪಣವಿಡುವ ಈ ಹಟ ಯಾವ ಉಪದೇಶದಿಂದಲೂ ಕರಗಲಿಲ್ಲ. ದುಡಿಮೆಯ ಸ್ಥಳ ಬದಲಾದಾಗ ಅದು ತಾನಾಗಿಯೇ ಸಡಿಲಗೊಂಡಿತು. 19ನೆಯ ಶತಮಾನದಲ್ಲಿ ಬಡವರು ಹೊಲಗಳನ್ನು ತೊರೆದು ಗಿರಣಿಗಳನ್ನೂ ಗಣಿಗಳನ್ನೂ ಸೇರಿದರು. ಕಲ್ಲಿದ್ದಲ ಹೊಗೆ ಮುಸುಕಿದ ನಗರಗಳ ಇಕ್ಕಟ್ಟಿನ ಕೇರಿಗಳಲ್ಲಿ ಬಿಸಿಲು ಕಾಣದ ಮಕ್ಕಳ ಮೂಳೆಗಳು ಮೆತ್ತಗಾಗಿ ಕಾಲುಗಳು ಸೊಟ್ಟಗಾದವು. ಈಗ ಬಿಳಿಚಿದ ಮುಖ ಬಡವನ ಲಕ್ಷಣವಾಯಿತು. ಅದೇ ವೇಳೆಗೆ ವೈದ್ಯಶಾಸ್ತ್ರವು ಸೂರ್ಯನ ಪರವಾಗಿ ನಿಂತಿತು. ಬೆಳಕಿನ ಕಿರಣಗಳಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ನೀಡಿದ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೇಸಿನ್ ಎಂಬ ಪರ್ವತಗ್ರಾಮದಲ್ಲಿ ಡಾ. ಆಗಸ್ಟ್ ರೋಲಿಯೆ ಕ್ಷಯರೋಗಿಗಳನ್ನು ಬಿಸಿಲಿನಲ್ಲಿ ಮಲಗಿಸುವ ಚಿಕಿತ್ಸಾಲಯವನ್ನು ತೆರೆದರು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಷಿನ್ಸ್ಕಿ ಅತಿನೇರಳೆ ಕಿರಣಗಳ ದೀಪದಿಂದ ಮಕ್ಕಳ ಮೂಳೆರೋಗವನ್ನು ಗುಣಪಡಿಸಿ ತೋರಿಸಿದರು. ಬಿಸಿಲು ಔಷಧವೆನಿಸಿತು.

ಔಷಧವು ವಿಲಾಸವಾಗಿ ಮಾರ್ಪಡಲು ಹೆಚ್ಚು ಕಾಲ ಹಿಡಿಯಲಿಲ್ಲ. ಫ್ರಾನ್ಸಿನ ದಕ್ಷಿಣ ಕರಾವಳಿ ಅದುವರೆಗೆ ಶ್ರೀಮಂತರ ಚಳಿಗಾಲದ ತಾಣವಾಗಿತ್ತು. ಬೇಸಗೆ ಬಂದೊಡನೆ ಹೋಟೆಲುಗಳು ಬಾಗಿಲು ಮುಚ್ಚುತ್ತಿದ್ದವು. 1923ರಲ್ಲಿ ಜೆರಾಲ್ಡ್ ಮತ್ತು ಸಾರಾ ಮರ್ಫಿ ಎಂಬ ಅಮೆರಿಕದ ದಂಪತಿಗಳು ಆಂಟೀಬ್ ಊರಿನ ಹೋಟೆಲೊಂದನ್ನು ಬೇಸಗೆಯಲ್ಲಿಯೂ ತೆರೆದಿಡುವಂತೆ ಮಾಡಿದರು. ಅವರ ಕಲಾವಿದ ಮಿತ್ರರು ಅಲ್ಲಿಗೆ ಬಂದು ಮರಳಿನ ಮೇಲೆ ಮೈ ಚೆಲ್ಲಿದರು. ವಸ್ತ್ರವಿನ್ಯಾಸಕಿ ಕೊಕೊ ಶನೆಲ್ ಅದೇ ವರ್ಷ ವಿಹಾರನೌಕೆಯಿಂದ ಕಾನ್ ಪಟ್ಟಣಕ್ಕೆ ಕಂದುಬಣ್ಣದ ಮೈಯೊಡನೆ ಇಳಿದದ್ದೇ ಈ ಶೈಲಿಯ ಆರಂಭವೆಂಬುದು ಎಲ್ಲರೂ ಹೇಳುವ ಕಥೆ. ಒಬ್ಬ ವ್ಯಕ್ತಿಯಿಂದ ಇಂಥ ಬದಲಾವಣೆಯಾಗುವುದೆಂದು ನಂಬುವುದು ಕಷ್ಟ. ಜನ ಅದಾಗಲೇ ಬಿಸಿಲಿನತ್ತ ತಿರುಗಿದ್ದರು. ಹೆಸರು ಮಾತ್ರ ಶನೆಲ್ ಅವರದಾಯಿತು. 1925ರಲ್ಲಿ ಪ್ಯಾರಿಸ್ಸಿಗೆ ಬಂದ ಕಪ್ಪುವರ್ಣದ ನರ್ತಕಿ ಜೋಸೆಫಿನ್ ಬೇಕರ್ ಗಳಿಸಿದ ಅಪಾರ ಜನಪ್ರಿಯತೆಯೂ ಈ ಒಲವಿಗೆ ಇಂಬು ಕೊಟ್ಟಿರಬೇಕು. 1927ರಲ್ಲಿ ಜಾನ್ ಪಾತು ಸಂಸ್ಥೆ ಬಿಸಿಲಿಗೆ ಮೈಯೊಡ್ಡುವವರಿಗೆಂದೇ ತೈಲವೊಂದನ್ನು ಮಾರುಕಟ್ಟೆಗೆ ತಂದಿತು. 1929ರ ಬೇಸಗೆಯ ವೇಳೆಗೆ ಅಮೆರಿಕದ ಸ್ತ್ರೀಯರ ಪತ್ರಿಕೆಗಳಲ್ಲಿ ಕಂದುಬಣ್ಣದ ಪೌಡರುಗಳ ಜಾಹೀರಾತುಗಳು ಕಾಣಿಸಿಕೊಂಡಿದ್ದವು. ಆ ನಾಡುಗಳಿಗೆ ಬಿಸಿಲು ಈಗ ರಜೆಯ ರಸೀದಿಯಾಗಿತ್ತು.

ಇಲ್ಲಿಂದಲೇ ನಮ್ಮ ಪ್ರಶ್ನೆ ಹುಟ್ಟಿದ್ದು. ಆವರೆಗಿನ ಮುಖದ ಪೌಡರುಗಳು ಮುಖ್ಯವಾಗಿ ಮೂರು ಬಣ್ಣಗಳಲ್ಲಿ ದೊರೆಯುತ್ತಿದ್ದವು: ಬಿಳಿ, ನಸುಗುಲಾಬಿ, ಮತ್ತು 19ನೆಯ ಶತಮಾನದ ಫ್ರೆಂಚ್ ನಟಿಯೊಬ್ಬಳ ಹೆಸರಿನಿಂದ ‘ರಾಶೆಲ್’ ಎಂದು ಕರೆಯಲಾಗುತ್ತಿದ್ದ ಕೆನೆಹಳದಿ. ಕಂದಿದ ಮೈಗೆ ಇವುಗಳಲ್ಲಿ ಯಾವುದೂ ಸಲ್ಲಲಿಲ್ಲ. ಕಾರಣ ಸರಳವಾದುದು. ಪೌಡರಿಗೆ ಮುಚ್ಚುವ ಶಕ್ತಿಯನ್ನು ಕೊಡುವುದು ಸತುವಿನ ಆಕ್ಸೈಡು, ಟೈಟೇನಿಯಂ ಡೈ ಆಕ್ಸೈಡುಗಳಂಥ ಬಿಳಿಯ ಖನಿಜಗಳು. ಗಾಢವಾದ ಚರ್ಮದ ಮೇಲೆ ಅವು ತೆಳುವಾಗಿ ಹರಡಿದಾಗ ಬೆಳಕನ್ನು ಚದುರಿಸಿ ಬೂದು ಛಾಯೆಯನ್ನು ಕೊಡುತ್ತವೆ. ಗುಲಾಬಿ ಪೌಡರಿನಲ್ಲಿ ಈ ದೋಷ ಇನ್ನೂ ಎದ್ದುಕಾಣುತ್ತದೆ. ಆದ್ದರಿಂದ ತಯಾರಕರು ಬಿಳಿಯನ್ನು ತಗ್ಗಿಸಿ, ಕಾವಿಕಲ್ಲು ಕೆಮ್ಮಣ್ಣುಗಳಿಗೆ ಬಣ್ಣ ನೀಡುವ ಕಬ್ಬಿಣದ ಆಕ್ಸೈಡುಗಳನ್ನು ಹೆಚ್ಚಿಸಿದರು. ಹಾಲಿವುಡ್ಡಿನ ಪ್ರಸಾಧನಕಾರ ಮ್ಯಾಕ್ಸ್ ಫ್ಯಾಕ್ಟರ್ 1918ರಲ್ಲಿಯೇ ಪೌಡರು, ಕೆನ್ನೆಯ ಕೆಂಪು, ತುಟಿಯ ಬಣ್ಣ ಇವು ಮೈ, ಕೂದಲು, ಕಣ್ಣುಗಳ ಬಣ್ಣಕ್ಕೆ ಹೊಂದಬೇಕೆಂಬ ಸೂತ್ರವನ್ನು ಪ್ರಚಾರಕ್ಕೆ ತಂದಿದ್ದರು. ಈ ಸೂತ್ರಕ್ಕೆ ಈಗ ಋತುವೂ ಸೇರಿಕೊಂಡಿತು.

ಅಂದಿನಿಂದ ಇಂದಿನವರೆಗೆ ಈ ವಿಷಯದಲ್ಲಿ ಬಲ್ಲವರು ಹೇಳುವ ಮಾತು ಬಹುಮಟ್ಟಿಗೆ ಒಂದೇ. ಬಿಸಿಲಿನಿಂದ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಿದಾಗ ಮೈ ಎಷ್ಟು ಗಾಢ ಎಂಬುದು ಬದಲಾಗುತ್ತದೆ. ಆದರೆ ಹಳದಿಯತ್ತ ವಾಲುವುದೋ ಗುಲಾಬಿಯತ್ತ ವಾಲುವುದೋ ಎಂಬ ಮೂಲಛಾಯೆ ಬಹುತೇಕ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಫೌಂಡೇಶನ್ನು ಅದೇ ಛಾಯೆಯಲ್ಲಿ ಒಂದೆರಡು ಮೆಟ್ಟಿಲು ಗಾಢವಾಗಿದ್ದರೆ ಸಾಕು. ಅದನ್ನು ಕೈಯ ಹಿಂಭಾಗದಲ್ಲಿ ಪರೀಕ್ಷಿಸಬಾರದು. ದವಡೆಯ ಅಂಚಿನಲ್ಲಿ, ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕು, ಏಕೆಂದರೆ ಮುಖ ಮತ್ತು ಕತ್ತು ಒಂದೇ ಪ್ರಮಾಣದಲ್ಲಿ ಕಂದುವುದಿಲ್ಲ. ಬಿಸಿಲಿನ ಬಣ್ಣ ವಾರಗಳು ಕಳೆದಂತೆ ಇಳಿಯುವುದರಿಂದ ಚಳಿಗಾಲದ ಸೀಸೆಯನ್ನೂ ಬೇಸಗೆಯ ಸೀಸೆಯನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿಕೊಳ್ಳುವುದು ಜಾಣತನ. ತುಟಿಗೆ ನೀಲಿ ಬೆರೆತ ತಿಳಿಗುಲಾಬಿಗಿಂತ ಹವಳ, ಇಟ್ಟಿಗೆ, ಕಿತ್ತಳೆಗೆಂಪುಗಳೂ, ಕಣ್ಣಿಗೆ ತಾಮ್ರ, ಕಂಚುಗಳೂ ಒಪ್ಪುತ್ತವೆ. ಬಿಸಿಲಿನಿಂದ ಒಣಗಿದ ಚರ್ಮದ ಮೇಲೆ ದಪ್ಪ ಪೌಡರು ಬಿರುಕುಬಿಡುತ್ತದೆ, ಬೆವರಿನಲ್ಲಿ ಗೆರೆಗಟ್ಟುತ್ತದೆ. ಇಷ್ಟನ್ನು ತಿಳಿದರೆ ಶಾಸ್ತ್ರ ಮುಗಿಯಿತು, ಉಳಿದುದು ವ್ಯಾಪಾರ.

ವ್ಯಾಪಾರವಂತೂ ಭರದಿಂದ ಬೆಳೆಯಿತು. 1935ರಲ್ಲಿ ಲೋರಿಯಲ್ ಕಂಪನಿಯ ಸ್ಥಾಪಕ ಯೂಜೀನ್ ಶ್ಯುಲೇರ್ ‘ಆಂಬ್ರ್ ಸೋಲೇರ್’ ಎಂಬ ಬಿಸಿಲಿನ ತೈಲವನ್ನು ಹೊರತಂದರು. ಮರುವರ್ಷವೇ ಫ್ರಾನ್ಸಿನ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಶಾಸನದ ಮೂಲಕ ನೀಡಿದಾಗ ಸಮುದ್ರತೀರ ಸಾಮಾನ್ಯರಿಗೂ ತೆರೆಯಿತು. ಗಿರಣಿಯ ಹೆಣ್ಣುಮಗಳೊಬ್ಬಳು ಜೀವನದಲ್ಲಿ ಮೊದಲ ಬಾರಿಗೆ ಕಡಲನ್ನು ಕಂಡು ಕಂದುಮುಖದೊಡನೆ ಊರಿಗೆ ಮರಳಿದಳೆಂದರೆ ಅದನ್ನು ಬರಿಯ ಶೋಕಿಯೆಂದು ಹಳಿಯಲು ನನಗೆ ಮನಸ್ಸು ಬಾರದು. ಮಹಾಯುದ್ಧದ ಕಾಲದ ಒಂದು ಸಂಗತಿಯೂ ಇಲ್ಲಿ ನೆನಪಾಗುತ್ತದೆ. ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ ಬಟ್ಟೆಗೆ ಪಡಿತರ ಬಂದಿತು, ರೇಷ್ಮೆ, ನೈಲಾನುಗಳು ಪ್ಯಾರಾಷೂಟುಗಳಿಗೆ ಹೋದವು, ಕಾಲುಚೀಲಗಳು ಸಿಗದಾದವು. ಆಗ ಸ್ತ್ರೀಯರು ಕಾಲಿಗೆ ಕಂದುಬಣ್ಣದ ಲೇಪವನ್ನು ಬಳಿದುಕೊಂಡರು. ಅದೂ ದೊರೆಯದವರು ಅಡುಗೆಮನೆಯಲ್ಲಿ ಸಾರಿಗೆ ಬಣ್ಣ ಬರಿಸುವ ದ್ರಾವಣವನ್ನೇ ಹಚ್ಚಿ, ಹಿಂಬದಿಯಲ್ಲಿ ಹೊಲಿಗೆಯ ಗೆರೆ ಕಾಣಲೆಂದು ಹುಬ್ಬಿನ ಪೆನ್ಸಿಲಿನಿಂದ ಉದ್ದಕ್ಕೆ ಗೀಟೆಳೆದರು.

ಈ ಎಲ್ಲ ಸಂಭ್ರಮದ ನಡುವೆ ಹುಟ್ಟಿನಿಂದಲೇ ಕಂದುಮೈಯುಳ್ಳವರ ಗತಿ ಏನಾಗಿತ್ತು? ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಆಂಥೊನಿ ಓವರ್ಟನ್ 1898ರಲ್ಲಿ ಕಂಪನಿಯೊಂದನ್ನು ಸ್ಥಾಪಿಸಿ, ಕಪ್ಪುಜನರ ಮೈಗೆ ಹೊಂದುವ ‘ಹೈ ಬ್ರೌನ್’ ಎಂಬ ಪೌಡರನ್ನು ಮಾರಾಟಕ್ಕೆ ತಂದಿದ್ದರು. ಎಂದರೆ ಬಿಳಿಯರ ಬೇಸಗೆಗಾಗಿ ಕಂದುಪೌಡರು ಬಂದುದಕ್ಕೂ ಮೊದಲೇ ಅದರ ವಿದ್ಯೆ ಇತ್ತು. ದೊಡ್ಡ ಅಂಗಡಿಗಳಿಗೆ ಅದು ಬೇಕಾಗಿರಲಿಲ್ಲ. ಚಲನಚಿತ್ರರಂಗದ ಕಥೆ ಇನ್ನೂ ಕಹಿ. ಗಾಯಕಿ ಹಾಗೂ ನಟಿ ಲೀನಾ ಹಾರ್ನ್ ಅವರಿಗಾಗಿ ತಯಾರಿಸಿದ ‘ಲೈಟ್ ಈಜಿಪ್ಶಿಯನ್’ ಎಂಬ ಲೇಪವನ್ನು ಬಿಳಿಯ ನಟಿಯರಿಗೆ ಬಳಿದು ಕಂದುವರ್ಣದ ಪಾತ್ರಗಳನ್ನು ಅವರಿಗೇ ಕೊಡಲಾಯಿತೆಂದು ಸ್ವತಃ ಹಾರ್ನ್ ಹೇಳಿಕೊಂಡಿದ್ದಾರೆ. 1970ರ ದಶಕದ ಆರಂಭದಲ್ಲಿಯೂ ಕಪ್ಪುವರ್ಣದ ರೂಪದರ್ಶಿಯರು ತಮ್ಮ ಮೈಗೆ ಹೊಂದುವ ಬಣ್ಣ ಸಿಗದೆ ಒಂದಕ್ಕೊಂದು ಬೆರೆಸಿಕೊಳ್ಳುತ್ತಿದ್ದುದನ್ನು ಕಂಡು ಯೂನಿಸ್ ಜಾನ್ಸನ್ 1973ರಲ್ಲಿ ‘ಫ್ಯಾಷನ್ ಫೇರ್’ ಪ್ರಸಾಧನಗಳನ್ನು ಆರಂಭಿಸಿದರು. 2017ರಲ್ಲಿ ಗಾಯಕಿ ರಿಹಾನಾ ಅವರ ಕಂಪನಿ ಒಮ್ಮೆಗೇ 40 ಛಾಯೆಗಳ ಫೌಂಡೇಶನ್ನನ್ನು ತಂದಾಗ ಗಾಢ ಛಾಯೆಗಳು ಬೇಗನೆ ಮಾರಾಟವಾಗಿ ಅಂಗಡಿಯ ಹಲಗೆಗಳು ಬರಿದಾದವು. ಕೊಳ್ಳುವವರು ಇರಲಿಲ್ಲವೆಂಬ ಹಳೆಯ ನೆಪಕ್ಕೆ ಬೇರೆ ಉತ್ತರ ಬೇಕಾಗಿರಲಿಲ್ಲ. ಬೇಸಗೆಯ ಮೂರು ತಿಂಗಳು ಕಂದಾಗುವವರಿಗೆ 1929ರಲ್ಲಿ ದೊರೆತ ಬಣ್ಣ, ವರ್ಷವಿಡೀ ಕಂದಾಗಿರುವವರಿಗೆ ಅದೇ ಅಂಗಡಿಯಲ್ಲಿ ದೊರೆಯಲು ಇಷ್ಟು ದಶಕಗಳು ಬೇಕಾದವು.

ಇನ್ನು ಬಿಸಿಲಿನ ಸ್ವರೂಪವೂ ಕ್ರಮೇಣ ಬಯಲಾಯಿತು. ಚರ್ಮ ಕಂದುವುದೆಂದರೆ ಅತಿನೇರಳೆ ಕಿರಣಗಳಿಂದಾದ ಹಾನಿಗೆ ಅದು ಒಡ್ಡುವ ಪ್ರತಿರೋಧವೆಂಬುದು ಇಂದು ಸ್ಥಿರಪಟ್ಟ ಸಂಗತಿ. ಚರ್ಮದ ಕ್ಯಾನ್ಸರ್ ವ್ಯಾಪಕವಾಗಿರುವ ಆಸ್ಟ್ರೇಲಿಯದಲ್ಲಿ 1981ರಲ್ಲಿಯೇ ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಧರಿಸಿ ಎಂಬ ಪ್ರಚಾರ ಆರಂಭವಾಯಿತು. ಕೃತಕ ದೀಪದ ಹಾಸಿಗೆಯಲ್ಲಿ ಮಲಗಿ ಮೈ ಕಂದಿಸಿಕೊಳ್ಳುವ ಯಂತ್ರಗಳನ್ನು 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ತರುವವೆಂದು ಖಚಿತವಾಗಿರುವ ಕಾರಕಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಬ್ರೆಜಿಲ್ ಅವುಗಳನ್ನು ನಿಷೇಧಿಸಿತು. 2015ರಿಂದ ಆಸ್ಟ್ರೇಲಿಯದ ಬಹುತೇಕ ರಾಜ್ಯಗಳಲ್ಲಿ ಅವುಗಳ ವಾಣಿಜ್ಯ ಬಳಕೆ ನಿಂತಿತು.

ಇಲ್ಲಿ ಇಸ್ಕೊಮಾಕಸನ ತರ್ಕ ತಲೆಕೆಳಗಾಗುವುದನ್ನು ಓದುಗರು ಗಮನಿಸಬಹುದು. ಆತನ ಕಾಲದಲ್ಲಿ ಬಳಿದ ಬಣ್ಣ ಸುಳ್ಳೂ ಆಗಿತ್ತು, ವಿಷವೂ ಆಗಿತ್ತು. ಸಹಜವಾದುದು ಸತ್ಯವೂ ಆಗಿತ್ತು, ಆರೋಗ್ಯಕರವೂ ಆಗಿತ್ತು. ಈಗ ಸಹಜವಾಗಿ ಬಿಸಿಲಿನಿಂದ ಪಡೆದ ಕಂದು ಚರ್ಮಕ್ಕೆ ಕೇಡು. ಡಬ್ಬಿಯಿಂದ ಬಳಿದ ಕಂದು ಅಪಾಯದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಸಂಶೋಧಕಿ ಈವಾ ವಿಟ್ಗೆನ್‌ಸ್ಟೈನ್ ರೋಗಗ್ರಸ್ತ ಮಕ್ಕಳಿಗೆ ಡೈಹೈಡ್ರಾಕ್ಸಿ ಅಸಿಟೋನ್ ಎಂಬ ಸಕ್ಕರೆಯಂಥ ದ್ರವ್ಯವನ್ನು ಕುಡಿಸುತ್ತಿದ್ದಾಗ, ಅದು ಚೆಲ್ಲಿದ ಕಡೆ ಚರ್ಮ ಕಂದಾಗುವುದನ್ನು ಕಂಡರು. ಚರ್ಮದ ಮೇಲ್ಪದರದ ಸತ್ತ ಕೋಶಗಳೊಡನೆ ಅದು ವರ್ತಿಸಿ, ರೊಟ್ಟಿಯ ಮೇಲ್ಮೈ ಬೇಯುವಾಗ ಕೆಂಪಗಾಗುವ ಕ್ರಿಯೆಯಂತೆಯೇ ಬಣ್ಣ ಕಟ್ಟುತ್ತದೆ. ವಾರದೊಳಗೆ ಪದರ ಉದುರಿದಾಗ ಬಣ್ಣವೂ ಹೋಗುತ್ತದೆ. 1960ರ ಸುಮಾರಿಗೆ ಇದರ ಲೇಪಗಳು ಮಾರಾಟಕ್ಕೆ ಬಂದವು. 1984ರಲ್ಲಿ ಗೆರ್ಲಾನ್ ಕಂಪನಿ ‘ಟೆರಾಕೋಟಾ’ ಎಂಬ ಸುಟ್ಟಮಣ್ಣಿನ ಬಣ್ಣದ ಪೌಡರನ್ನು ತಂದಿತು. ಹಣೆ, ಕೆನ್ನೆಯ ಮೂಳೆ, ಮೂಗಿನ ದಂಡೆ, ಹೀಗೆ ಬಿಸಿಲು ಮೊದಲು ತಾಗುವ ಕಡೆಗಳಲ್ಲಿ ಅದನ್ನು ಸವರಿದರೆ ರಜೆಯಿಂದ ಮರಳಿದ ಮುಖ ಸಿದ್ಧವಾಗುತ್ತದೆ. ಮೋಸವೆನ್ನುವುದಾದರೆ ಇದು ಮೋಸವೇ. ಆದರೆ ಇದರಿಂದ ವಂಚಿತರಾಗುವವರು ಯಾರು ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಯುವತಿಯೊಬ್ಬಳು ಬಿಸಿಲಿನಲ್ಲಿ ಬೇಯುವುದನ್ನು ಇದು ತಪ್ಪಿಸುವುದಾದರೆ ನಾನು ಡಬ್ಬಿಯ ಪಕ್ಷವನ್ನೇ ವಹಿಸುತ್ತೇನೆ. ಒಂದು ಎಚ್ಚರಿಕೆ ಅಗತ್ಯ. ಬಳಿದ ಕಂದುಬಣ್ಣ ಬಿಸಿಲಿನಿಂದ ರಕ್ಷಣೆ ಕೊಡುವುದಿಲ್ಲವೆಂದೇ ಹೇಳಬೇಕು. ಫೌಂಡೇಶನ್ನಿನ ಮೇಲೆ ನಮೂದಾಗಿರುವ ರಕ್ಷಣಾಂಕವನ್ನು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪ ಹಚ್ಚಿ ಅಳೆದಿರುತ್ತಾರೆ, ಅಷ್ಟು ದಪ್ಪಗೆ ಯಾರೂ ಹಚ್ಚುವುದಿಲ್ಲ.

ಅಹಿಂಸೆಯ ದೃಷ್ಟಿಯಿಂದ ನೋಡುವವರಿಗೆ ಡಬ್ಬಿಯ ಹೊರಗಿನ ಹೆಸರಿಗಿಂತ ಒಳಗಿನ ದ್ರವ್ಯ ಮುಖ್ಯ. ಬೇಸಗೆಗೆ ಒಪ್ಪುವ ಹವಳಗೆಂಪು, ಇಟ್ಟಿಗೆಗೆಂಪುಗಳಲ್ಲಿ ಕೆಲವಕ್ಕೆ ಬಣ್ಣ ಬರುವುದು ಕಾರ್ಮೈನ್‌ನಿಂದ. ಮೆಕ್ಸಿಕೊ ಮೂಲದ ಕೊಚಿನೀಲ್ ಎಂಬ, ಪಾಪಾಸುಕಳ್ಳಿಯ ಜಾತಿಯ ಗಿಡದ ಮೇಲೆ ಬದುಕುವ ಕೀಟದ ಹೆಣ್ಣುಗಳನ್ನು ಕೊಂದು ಒಣಗಿಸಿ ಅದನ್ನು ತೆಗೆಯುತ್ತಾರೆ. ಒಂದು ಪೌಂಡಿಗೆ ಸುಮಾರು 70,000 ಕೀಟಗಳು ಬೇಕೆಂದು ಲೆಕ್ಕ. ಪಟ್ಟಿಯಲ್ಲಿ ಇದು ಸಿ.ಐ. 75470 ಎಂಬ ಅಂಕಿಯ ಹಿಂದೆ ಅಡಗಿರುತ್ತದೆ. ಸಿ.ಐ. 75170 ಎಂದಿದ್ದರೆ ಅದು ಗ್ವಾನೀನ್, ಮೀನಿನ ಹುರುಪೆಯಿಂದ ತೆಗೆದ ಹೊಳಪು. ಇದಕ್ಕೆ ಬದಲಾಗಿ 77491, 77492, 77499 ಎಂಬ ಅಂಕಿಗಳು ಕೆಂಪು, ಹಳದಿ, ಕಪ್ಪು ಕಬ್ಬಿಣದ ಆಕ್ಸೈಡುಗಳವು. ಕಂದುಬಣ್ಣಕ್ಕೆ ಈ ಮೂರೇ ಸಾಕು. ಮೊಲಗಳ ಕಣ್ಣಿಗೆ ದ್ರವ್ಯವನ್ನು ಹನಿಸಿ ಪರೀಕ್ಷಿಸುವ, 1944ರಿಂದ ರೂಢಿಗೆ ಬಂದ ಪದ್ಧತಿಯ ಕಥೆ ಈ ಪುಟಗಳ ಓದುಗರಿಗೆ ಹೊಸದಾಗಿರಲಾರದು. ಯುರೋಪಿನ ಒಕ್ಕೂಟವು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟವನ್ನು 2013ರಲ್ಲಿ ಸಂಪೂರ್ಣವಾಗಿ ನಿಷೇಧಿಸಿತು. ಭಾರತವು 2014ರಲ್ಲಿ ಅಂಥ ಪರೀಕ್ಷೆಯನ್ನೂ, ಅದಕ್ಕೊಳಗಾದ ಪ್ರಸಾಧನಗಳ ಆಮದನ್ನೂ ನಿಷೇಧಿಸಿತು.

ನಮ್ಮ ನಾಡಿನಲ್ಲಿ ಬಿಸಿಲಿನ ಇತಿಹಾಸ ಬೇರೆ ದಾರಿಯನ್ನೇ ಹಿಡಿಯಿತು. ಪಶ್ಚಿಮದಲ್ಲಿ ಕಂದುಬಣ್ಣದ ಮೋಹ ಉತ್ತುಂಗದಲ್ಲಿದ್ದ ಕಾಲದಲ್ಲಿಯೇ, 1975ರಲ್ಲಿ, ಹಿಂದುಸ್ತಾನ್ ಲೀವರ್ ಕಂಪನಿ ‘ಫೇರ್ ಅಂಡ್ ಲವ್ಲಿ’ಯನ್ನು ಬಿಡುಗಡೆ ಮಾಡಿತು. ಹೊಲಗದ್ದೆಗಳನ್ನು ತೊರೆದು ಕಾರ್ಖಾನೆ ಸೇರಿದವರು ನಮ್ಮಲ್ಲಿ ಅಲ್ಪಸಂಖ್ಯಾತರಾಗಿದ್ದರು. ಬಿಸಿಲು ಇಲ್ಲಿ ದುಡಿಮೆಯ ಗುರುತಾಗಿಯೇ ಉಳಿಯಿತು, ಅದರ ಜೊತೆಗೆ ಜಾತಿ, ವರ್ಗಗಳ ಹಳೆಯ ಎಣಿಕೆಗಳೂ ಉಳಿದವು. ವಧೂವರರ ಜಾಹೀರಾತುಗಳಲ್ಲಿ ‘ಗೋಧಿಬಣ್ಣ’, ‘ಎಣ್ಣೆಗೆಂಪು’ ಎಂಬ ಮಾತುಗಳನ್ನು ಎಷ್ಟು ಸಂಕೋಚದಿಂದ, ಎಷ್ಟು ಅಳೆದು ಬಳಸುತ್ತಾರೆಂಬುದನ್ನು ಬಲ್ಲವರೇ ಬಲ್ಲರು. 2020ರಲ್ಲಿ ಆ ಮುಲಾಮಿನ ಹೆಸರಿನಿಂದ ‘ಫೇರ್’ ಎಂಬ ಮಾತು ಹೋಗಿ ‘ಗ್ಲೋ’ ಬಂದಿತು. ಗೋಧಿಬಣ್ಣದ ಮೈಗೆ ಬಿಳಿಚಿದ ಫೌಂಡೇಶನ್ನನ್ನು ಹಚ್ಚಿ, ಕತ್ತು ಒಂದು ಬಣ್ಣ ಮುಖ ಇನ್ನೊಂದು ಬಣ್ಣ ಮಾಡಿ ಮದುಮಗಳನ್ನು ಹಸೆಗೆ ಕೂರಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಮದುವೆಗಳಿಗೆ ಮೇಲೆ ಹೇಳಿದ ದವಡೆಯಂಚಿನ ಪರೀಕ್ಷೆ ಯುರೋಪಿಗಿಂತ ಹೆಚ್ಚು ಉಪಯುಕ್ತ.

ಈ ವ್ಯಾಪಾರದ ಕೊನೆಯ ಎಳೆಯೂ ಭಾರತವನ್ನೇ ತಲುಪುತ್ತದೆ. ಕಂಚಿನಂತೆ ಮಿನುಗುವ ಬೇಸಗೆಯ ಪೌಡರಿಗೆ ಆ ಮಿನುಗು ಬರುವುದು ಈಗ ಹೆಚ್ಚಾಗಿ ಅಭ್ರಕದಿಂದ, ನಾವು ಕಾಗೆಬಂಗಾರವೆನ್ನುವ ಖನಿಜದಿಂದ. 1960ರ ದಶಕದಿಂದ ಅಭ್ರಕದ ತೆಳುಹಾಳೆಗಳಿಗೆ ಟೈಟೇನಿಯಂ ಡೈ ಆಕ್ಸೈಡಿನ ಲೇಪ ಕೊಟ್ಟು ಮೀನಿನ ಹುರುಪೆಗೆ ಬದಲಾಗಿ ಬಳಸತೊಡಗಿದರು. ಪ್ರಾಣಿಹಿಂಸೆ ತಪ್ಪಿತೆಂದು ಸಮಾಧಾನ ಪಡುವಷ್ಟರಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ಅಭ್ರಕದ ಮುಖ್ಯ ನೆಲೆಗಳಲ್ಲೊಂದು ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಪ್ರದೇಶ. ಅಲ್ಲಿ ಅನುಮತಿಯಿಲ್ಲದ ಗಣಿಗಳಲ್ಲಿಯೂ, ಮುಚ್ಚಿದ ಗಣಿಗಳ ಬಳಿಯ ಮಣ್ಣಿನ ರಾಶಿಗಳಲ್ಲಿಯೂ ಮಕ್ಕಳು ಬರಿಗೈಯಿಂದ ಚೂರುಗಳನ್ನು ಹೆಕ್ಕುತ್ತಿದ್ದುದನ್ನೂ, ಕುಸಿದ ಸುರಂಗಗಳಲ್ಲಿ ಸತ್ತ ಮಕ್ಕಳ ವಿಷಯವನ್ನು ಮುಚ್ಚಿಹಾಕುತ್ತಿದ್ದುದನ್ನೂ 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಪ್ರತಿಷ್ಠಾನದ ವರದಿ ಬಯಲಿಗೆಳೆಯಿತು. 2017ರಲ್ಲಿ ಪ್ರಸಾಧನ ಕಂಪನಿಗಳೂ ಸೇರಿದಂತೆ ಹಲವು ಉದ್ಯಮಗಳು ಮಕ್ಕಳ ದುಡಿಮೆಯಿಲ್ಲದ ಅಭ್ರಕಕ್ಕಾಗಿ ಒಕ್ಕೂಟವೊಂದನ್ನು ಕಟ್ಟಿಕೊಂಡವು. ಕೆಲವು ಕಂಪನಿಗಳು ಪ್ರಯೋಗಶಾಲೆಯಲ್ಲಿ ತಯಾರಾದ ಕೃತಕ ಅಭ್ರಕಕ್ಕೆ ಬದಲಾಯಿಸಿಕೊಂಡಿವೆ. ಡಬ್ಬಿಯ ಪಟ್ಟಿಯಲ್ಲಿ ಬರಿಯ ‘ಮೈಕಾ’ ಎಂದಷ್ಟೇ ಇದ್ದರೆ ಅದು ಯಾವ ಗಣಿಯದೆಂದು ಕಂಪನಿಗೆ ಬರೆದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಕೃತಕವಾದುದನ್ನು ಸಾಮಾನ್ಯವಾಗಿ ಬೇರೆ ಹೆಸರಿನಿಂದಲೇ ನಮೂದಿಸುತ್ತಾರೆ. ಕೊಡರ್ಮಾದ ಆ ಮಕ್ಕಳು ಅಭ್ರಕವನ್ನು ಹೆಕ್ಕುವುದು ಬಯಲಿನಲ್ಲಿ, ನೆರಳಿಲ್ಲದ ದಿಣ್ಣೆಗಳ ಮೇಲೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ.